ಪುಕ್ಕಲು ಬೀರಪ್ಪ ಕೂರಿಸಿದ ಅಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿವಗಂಗೆ ಬೆಟ್ಟದ ಮಗ್ಗುಲಿನಿಂದ ಇಳಿದು ಬರುವ ಟಾರು ರಸ್ತೆಯ ನಟ್ಟನಡುವೆ ಒಬ್ಬ ಮನುಷ್ಯ ಬೋರಲು ಮಲಗಿದ್ದಾನೆ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ಗಾಬರಿಯಿಂದ ಬ್ರೇಕು ಹಿಡಿಯುತ್ತಾನೆ. ಹತ್ತಿರ ಬಂದು ಮುಖ ನೋಡಿ, 'ಓ, ನೀನಾ ಬೀರಪ್ಪಣ್ಣ! ಎದೆ ಒಡೆದು ಸಾಯ್ತಿದ್ನಲ್ಲಪ್ಪಾ' ಎಂದು ಬೈದುಕೊಂಡು ಮುಂದೆ ಹೋಗುತ್ತಾನೆ. ಮಲಗಿದ್ದವರು ಏಳುವುದಿಲ್ಲ. ಕೆನ್ನೆಯನ್ನು ರಸ್ತೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಇಳಿಜಾರು ಯಾವ ಕಡೆಗೆ ವಾಲಿದೆ ಎಂದು ನೋಡುತ್ತಿದ್ದಾರೆ.

ಆಮೇಲೆ ಜೇಬಿನಿಂದ ಒಂದು ಗಾಜಿನ ಗೋಲಿ ತೆಗೆದು ರಸ್ತೆಯ ಮಧ್ಯೆ ಬಿಡುತ್ತಾರೆ. ಗೋಲಿ ನೆಟ್ಟಗೆ ನಾಲ್ಕು ಮಾರು ಹೋಗಿ, ಯೋಚನೆ ಬದಲಾಯಿಸಿದಂತೆ ಎಡಕ್ಕೆ ಹೊರಳಿ, ಅಂಚು ದಾಟಿ ಕಣ್ಮರೆಯಾಗುತ್ತದೆ. ಅಂಚಿನ ಆಚೆ ಕಲ್ಲು ಒಡೆದು ಬಿಟ್ಟ ದೊಡ್ಡ ಹಳ್ಳವಿದೆ. ಅದರಲ್ಲಿ ಮಳೆನೀರು ಕಪ್ಪಗೆ ನಿಂತಿದೆ. ಬೀರಪ್ಪ ಕಿವಿಗೊಟ್ಟು ಕಾಯುತ್ತಾರೆ, ಗೋಲಿ ನೀರಿಗೆ ಬಿದ್ದ ಸದ್ದು ಕೇಳಿಸುವುದಿಲ್ಲ.

'ಹೋದ ವರ್ಷಕ್ಕಿಂತ ಜಾಸ್ತಿ ವಾಲೈತೆ ಸ್ವಾಮಿ' ಎನ್ನುತ್ತಾರೆ ಬದಿಯಲ್ಲಿ ನಿಂತಿದ್ದ ನನಗೆ, ಎದ್ದು ಅಂಗಿ ಕೊಡವಿಕೊಳ್ಳುತ್ತಾ. 'ಮಳೆಗೆ ಎಡಗಡೆ ಮಣ್ಣು ಕುಸಿದೈತೆ. ಇವತ್ತು ನಂಗೆ ಒಂದ್ ಲೋಟ ಕಾಫಿ ಕೂಡ ಇಳೀಲಿಲ್ಲ.'

ಇವತ್ತು ಆಯುಧಪೂಜೆ. ನೆಲಮಂಗಲದಿಂದ ಪೂನಾ ರಸ್ತೆಯುದ್ದಕ್ಕೂ ಸಾಲಾಗಿ ಇರುವ ಲಾರಿ ಗ್ಯಾರೇಜುಗಳ ಹುಡುಗರು ಮಧ್ಯಾಹ್ನ ಪೂಜೆ ಮುಗಿಸಿ, ಸಂಜೆಗೆ ಮುಂಚೆ ಈ ಇಳಿಜಾರಿಗೆ ಬಂದು ಬೇರಿಂಗ್ ಗಾಡಿ ಓಡಿಸುತ್ತಾರೆ. ಬೆಂಗಳೂರಿನ ಓಣಿಗಳಲ್ಲಿ ಮಕ್ಕಳು ಆಡುವ ಬೇರಿಂಗ್ ಗಾಡಿಯನ್ನು ನೋಡಿದವರು ಅದನ್ನು ನೆನೆದು ನಗಬೇಡಿ. ಇದು ಅದೇ ಜಾತಿಯದು, ಆದರೆ ಗಂಡಾಳು ಕೂರುವಷ್ಟು ದೊಡ್ಡದು. ಒಂದು ಉದ್ದ ಹಲಗೆ, ಹಿಂದೊಂದು ಮುಂದೊಂದು ಅಡ್ಡಹಲಗೆ, ಅವುಗಳ ಕೆಳಗೆ ಕಬ್ಬಿಣದ ಅಚ್ಚು, ಅಚ್ಚಿನ ತುದಿಗಳಲ್ಲಿ ಲಾರಿಯ ಗೇರ್‌ಬಾಕ್ಸಿನಿಂದ ಬಿಚ್ಚಿದ ಬೇರಿಂಗುಗಳೇ ಗಾಲಿ. ಎತ್ತಿಲ್ಲ, ಇಂಜಿನ್ನಿಲ್ಲ. ದಿಣ್ಣೆಯ ಮೇಲೆ ಕೂತು ಕೈಬಿಟ್ಟರೆ ಭೂಮಿಯೇ ಎಳೆದುಕೊಳ್ಳುತ್ತದೆ. ಮುಂದಿನ ಅಡ್ಡಹಲಗೆ ಒಂದೇ ಬೋಲ್ಟಿನ ಮೇಲೆ ತಿರುಗುತ್ತದೆ, ಅದರ ಮೇಲೆ ಎರಡು ಪಾದ ಇಟ್ಟು ದಾರಿ ತೋರಿಸಬೇಕು. ಗೆದ್ದ ಗಾಡಿಯನ್ನು ಅದರ ಗ್ಯಾರೇಜಿನ ಗೋಡೆಗೆ ಹೂವಿನ ಹಾರ ಹಾಕಿ ವರ್ಷವಿಡೀ ನೇತುಹಾಕುತ್ತಾರೆ. ಅದಕ್ಕಾಗಿ ಇಷ್ಟೆಲ್ಲ ಹಾರಾಟ.

ಗೋಡೆಗೆ ನೇತುಬಿದ್ದ ಗಾಡಿಯನ್ನು ಎಲ್ಲರೂ ನೋಡುತ್ತಾರೆ. ಅದರ ಅಚ್ಚು ಕೂರಿಸಿದವರನ್ನು ಯಾರೂ ಕೇಳುವುದಿಲ್ಲ. ಈ ರಸ್ತೆಯ ಅಷ್ಟೂ ಗ್ಯಾರೇಜುಗಳ ಗಾಡಿಗಳಿಗೆ ಅಚ್ಚು ಕೂರಿಸುವುದು, ಗಾಲಿಯ ನೇರ ನೋಡುವುದು ಚಿಕ್ಕಬೀರಪ್ಪ ಒಬ್ಬರೇ. ಊರವರು ಪ್ರೀತಿಯಿಂದಲೋ ಕುಚೋದ್ಯದಿಂದಲೋ ಇಟ್ಟ ಹೆಸರು ಪುಕ್ಕಲು ಬೀರಪ್ಪ. ಅವರು ಬೇಸರಪಟ್ಟುಕೊಳ್ಳುವುದಿಲ್ಲ. 'ಇರೋದನ್ನೇ ಅಂತಾರೆ' ಎನ್ನುತ್ತಾರೆ.

ಅಪ್ಪ ಕುರಿ ಕಾಯುತ್ತಿದ್ದವರು. ಬೀರಪ್ಪನಿಗೆ ಕುರಿ ಹಿಂದೆ ಅಲೆಯುವುದು ಸೇರಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ಲಾರಿ ಕ್ಲೀನರ್ ಆಗಿ ಪೂನಾ ರಸ್ತೆ ಹಿಡಿದರು. ಒಮ್ಮೆ ಘಾಟಿ ಇಳಿಯುವಾಗ ಮುಂದಿನ ಅಚ್ಚು ಮುರಿದು ಲಾರಿ ತಡೆಗೋಡೆಯ ಮೇಲೆ ನಿಂತಿತಂತೆ. ಡ್ರೈವರ್ ಕೆಳಗಿಳಿದು ಬೀಡಿ ಹಚ್ಚಿದ, ಬೀರಪ್ಪ ಕೆಳಗಿಳಿದು ವಾಂತಿ ಮಾಡಿದರು. ಅಲ್ಲಿಂದ ಲಾರಿ ಹತ್ತುವುದನ್ನು ಬಿಟ್ಟು ಲಾರಿಯ ಕೆಳಗೆ ಸೇರಿಕೊಂಡರು. ಇಪ್ಪತ್ತು ವರ್ಷದಿಂದ ನೆಲಮಂಗಲದ ನರಸಿಂಹಯ್ಯನವರ ಗ್ಯಾರೇಜಿನಲ್ಲಿ ಅವರದು ಒಂದೇ ಕೆಲಸ. ದಿನಕ್ಕೆ ಮೂರೋ ನಾಲ್ಕೋ ಲಾರಿಯ ಮುಂದಿನ ಗಾಲಿಗಳನ್ನು ನೇರ ಮಾಡುತ್ತಾರೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ವರ್ಷವಾಗುತ್ತಾ ಬಂತು, ಅವರ ಮೂಗಿನ ನೇರಕ್ಕೆ ಬರುವ ನಂಬರ್ ಪ್ಲೇಟುಗಳಲ್ಲಿ ಇನ್ನೂ ಹಳೆ ಮೈಸೂರಿನ ಎಂವೈ ಅಕ್ಷರವೇ ಇದೆ.

ಬೇರಿಂಗ್ ಗಾಡಿಗೆ ಕೈ ಹಚ್ಚಿದ್ದು ಆರು ವರ್ಷದ ಕೆಳಗೆ. ಆ ವರ್ಷ ರಾಮಾಂಜಿನಪ್ಪ ಎಂಬ ಗಟ್ಟಿಮುಟ್ಟಾದ ಲಾರಿ ಡ್ರೈವರ್ ಇದೇ ಇಳಿಜಾರಿನಲ್ಲಿ ಎಲ್ಲರಿಗಿಂತ ಮುಂದೆ ಬರುತ್ತಿದ್ದರು. ಸಪ್ಪಲಮ್ಮನ ಗುಡಿಯ ತಿರುವಿನಲ್ಲಿ ಗಾಡಿ ಎಡಕ್ಕೆ ಎಳೆಯಿತು. ಹಳ್ಳದ ಅಂಚಿನ ಬಂಡೆಯೊಂದು ತಡೆಯದಿದ್ದರೆ ಅವತ್ತೇ ಕತೆ ಮುಗಿಯುತ್ತಿತ್ತು. ಬಂಡೆ ಜೀವ ಉಳಿಸಿತು, ಬಲಗಾಲು ತೆಗೆದುಕೊಂಡಿತು. ಮೊದಲು ಓಡಿಹೋಗಿ ಎತ್ತಿದವರು ಬೀರಪ್ಪ. ಆ ಕಾಲು ತಮ್ಮ ತೊಡೆಯ ಮೇಲೆ ಹೇಗಿತ್ತು ಎಂಬುದನ್ನು ಅವರು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಾರೆ.

'ಅವತ್ತಿನ ಗಾಡಿಗೆ ಅಚ್ಚು ಕೂರಿಸಿದೋನು ಯಾರೋ ಏನೋ. ಯಾರನ್ನ ಅಂದೇನು ಬಂತು? ಆದ್ರೆ ಬೇರೆಯವ್ರು ಕೂರ್ಸಿದ್ರೆ ನಂಗೆ ನಿದ್ದೆ ಹತ್ತಲ್ಲ ಸ್ವಾಮಿ. ನಾನೇ ಕೂರ್ಸಿದ್ರೂ ಹತ್ತಲ್ಲ, ಅದು ಬೇರೆ ಮಾತು. ಅದಕ್ಕೇ ಎಲ್ಲಾ ಗಾಡೀನೂ ನಂತಾವ್ಲೇ ತನ್ನಿ ಅಂದೆ. ಯಾವ ಗ್ಯಾರೇಜಾದ್ರೂ ಸರಿ, ಕೂರೋ ಹುಡುಗ್ರು ಹುಡುಗ್ರೇ ಅಲ್ವಾ?'

ಅವರ ಕೆಲಸ ನೋಡಲು ತಾಳ್ಮೆ ಬೇಕು. ಹಿಂದಿನ ಅಚ್ಚಿನ ತುದಿಯಿಂದ ಮುಂದಿನ ಅಚ್ಚಿನ ತುದಿಗೆ ದಾರ ಹಿಡಿಯುತ್ತಾರೆ. ಎಡಗಡೆ ಒಂದು ಸಲ, ಬಲಗಡೆ ಒಂದು ಸಲ, ಮೂಲೆಯಿಂದ ಮೂಲೆಗೆ ಒಂದು ಸಲ. ರಸ್ತೆ ಎಡಕ್ಕೆ ವಾಲಿರುವುದರಿಂದ ಗಾಡಿಯ ಮೂತಿ ಕೂದಲೆಳೆಯಷ್ಟು ಬಲಕ್ಕೆ ನೋಡಬೇಕು. ಆಗ ಎರಡೂ ಪಾದ ಸಮ ಇಟ್ಟು ಕೂತರೆ ಗಾಡಿ ತಾನಾಗಿ ಹಳ್ಳದಿಂದ ದೂರ ಇರುತ್ತದೆ. ಅದಕ್ಕಾಗಿ ಮುಂದಿನ ಅಚ್ಚಿನ ಎಡತುದಿಯಲ್ಲಿ, ಅಚ್ಚಿಗೂ ಅದನ್ನು ಹಿಡಿದ ಪಟ್ಟಿಗೂ ನಡುವೆ, ಉಗುರಿನಷ್ಟು ಅಗಲದ ತಗಡಿನ ಚೂರು ಸಿಗಿಸಿ ಎಡತುದಿಯನ್ನು ಚೂರೇ ಮುಂದಕ್ಕೆ ತಳ್ಳುತ್ತಾರೆ. ಮತ್ತೆ ದಾರ, ಮತ್ತೆ ಬಿಗಿ, ಮತ್ತೆ ಸಡಿಲ. ಬಿಗಿ ಮಾಡಿದ ಬೋಲ್ಟನ್ನು ಎದ್ದುಹೋಗಿ ವಾಪಸು ಬಂದು ಮುಟ್ಟಿ ನೋಡುತ್ತಾರೆ. ಹುಡುಗರು ತಲೆ ಚಚ್ಚಿಕೊಳ್ಳುತ್ತಾರೆ.

ಇಷ್ಟು ವರ್ಷ ಆ ಭಯ ಊರ ಮಕ್ಕಳಿಗಾಗಿ ಇತ್ತು. ಈ ವರ್ಷ ಅದು ಮನೆಯೊಳಗೇ ಬಂದು ಕೂತಿದೆ. ನರಸಿಂಹಯ್ಯನವರ ಗ್ಯಾರೇಜಿನ ಗಾಡಿ ಹತ್ತುವವನು ಸೊಣ್ಣಪ್ಪ, ಬೀರಪ್ಪನವರ ಅಳಿಯ. ಹೊಸಕೋಟೆ ಕಡೆಯ ಸಮೇತನಹಳ್ಳಿಯ ಹುಡುಗ, ಕೆಲಸ ಕಲಿಯಲು ಬಂದವನು ಮಾವನ ಮನೆಯಲ್ಲೇ ನೆಲೆ ನಿಂತ. ಹೋದ ವರ್ಷದ ಶ್ರಾವಣದಲ್ಲಿ ಮದುವೆ. ಹೆಂಡತಿ ತೀರಿಕೊಂಡ ಮೇಲೆ ಬೀರಪ್ಪನವರಿಗೆ ಇರುವುದು ಒಬ್ಬಳೇ ಮಗಳು ಅನುಸೂಯ. ಈಗ ಅವಳಿಗೆ ಐದು ತಿಂಗಳು. ಅಳಿಯನಿಗೆ ಬೇಡ ಎನ್ನಲು ಬೀರಪ್ಪನವರಿಗೆ ಬಾಯಿ ಬರಲಿಲ್ಲ. ಹೆಣ್ಣು ಕೊಟ್ಟ ಮನೆಯವರು ಅಳಿಯನಿಗೆ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುವ ರೂಢಿ ಅವರಲ್ಲಿ ಇಲ್ಲ. ಮಗಳ ಮುಖಾಂತರ ಹೇಳಿಸೋಣವೆಂದರೆ ಅವಳು ನಕ್ಕುಬಿಟ್ಟಳು.

'ನೀನು ಅಚ್ಚು ನೋಡ್ತೀಯಲ್ಲಪ್ಪಾ, ನಂಗ್ಯಾತರ ಭಯ?' ಅಂದಳಂತೆ. ಆ ಮಾತು ಕೇಳಿದಾಗಿನಿಂದ ಅವರಿಗೆ ಅನ್ನ ಸೇರುತ್ತಿಲ್ಲ.

ರಸ್ತೆ ನೋಡಿಕೊಂಡು ಬೀರಪ್ಪ ಬಸ್ಸಿನಲ್ಲಿ ನೆಲಮಂಗಲಕ್ಕೆ ಮರಳುವ ಹೊತ್ತಿಗೆ ಗ್ಯಾರೇಜು ಮದುವೆಮನೆಯಾಗಿದೆ. ಬಾಗಿಲಿಗೆ ಮಾವಿನ ತೋರಣ, ಲಾರಿಗಳ ಮೂತಿಗೆ ಬಾಳೆಕಂದು. ಗೋಡೆ ಬದಿಯ ಮಣೆಯ ಮೇಲೆ ಪಾನ, ಸುತ್ತಿಗೆ, ಜಾಕಿ, ಇಕ್ಕಳ ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದ್ದಾರೆ. ಪಾನ ಎಂದರೆ ಬೋಲ್ಟು ತಿರುಗಿಸುವ ಸಾಧನ, ಈ ಜನರ ಅನ್ನದ ಬಟ್ಟಲು. ಪೂಜೆಗೆ ಇಟ್ಟ ಮೇಲೆ ಅದನ್ನು ಎತ್ತುವಂತಿಲ್ಲ. ಮಾರನೆಯ ದಿನ ಮತ್ತೊಮ್ಮೆ ಮಂಗಳಾರತಿ ಮಾಡಿದ ಮೇಲೆಯೇ ಅವಕ್ಕೆ ಕೆಲಸ. ಹೋದ ವರ್ಷ ಪಕ್ಕದ ಗ್ಯಾರೇಜಿನವನೊಬ್ಬ ಪೂಜೆಗಿಟ್ಟ ಜಾಕಿಯನ್ನು ಅವಸರಕ್ಕೆ ಎತ್ತಿದ, ಅದೇ ವಾರ ಜಾಕಿ ಜಾರಿ ಅವನ ಕೈ ಜಜ್ಜಿಹೋಯಿತು. ಅಲ್ಲಿಂದ ಈ ರಸ್ತೆಯಲ್ಲಿ ಯಾರೂ ಆ ನೇಮದ ಜತೆ ಚೆಲ್ಲಾಟ ಆಡುವುದಿಲ್ಲ. ಬೀರಪ್ಪ ಎಲ್ಲರಿಗಿಂತ ಹೆಚ್ಚು ನಂಬುವವರು.

ಕುಂಬಳಕಾಯಿ ಒಡೆದಾಯಿತು. ಇನ್ನು ಗಾಡಿಯ ಸರದಿ. ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟು, ಓಡಿಸುವವನನ್ನು ಕೂರಿಸಿ, ಹಿಂದಿನಿಂದ ಮೆಲ್ಲಗೆ ತಳ್ಳಿ ಹಣ್ಣು ಹಿಸುಕಿಸಬೇಕು. ಸೊಣ್ಣಪ್ಪ ಹಣೆತುಂಬ ಕುಂಕುಮ ಬಳಿದುಕೊಂಡು ಮದುಮಗನಂತೆ ಕೂತ. ಎರಡೂ ಪಾದ ಸಮವಾಗಿ ಅಡ್ಡಹಲಗೆಯ ಮೇಲಿಟ್ಟ. ನಾಲ್ಕು ಜನ ತಳ್ಳಿದರು.

ಹಿಂದಿನ ಎರಡು ಹಣ್ಣು ಇದ್ದಲ್ಲೇ ಅಪ್ಪಚ್ಚಿಯಾದವು. ಮುಂದಿನ ಎರಡೂ ಅಂಚು ಕತ್ತರಿಸಿಕೊಂಡು ಬಲಕ್ಕೆ ಸಿಡಿದವು. ಗಾಡಿ ಹಣ್ಣು ಬಿಟ್ಟು ಎಡಕ್ಕೆ ಸರಿದು ನಿಂತಿತು.

'ಆಹಾ, ನಿಂಬೆಹಣ್ಣೇ ಹೆದರಿ ಓಡ್ತು!' ಎಂದು ಯಾರೋ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೀರಪ್ಪ ಬಗ್ಗಿ ಸಿಡಿದ ಹಣ್ಣುಗಳನ್ನೇ ನೋಡಿದರು. ನೆಲ ಸಮತಟ್ಟಾಗಿದೆ, ಗಾಡಿ ಬಲಕ್ಕೆ ನೋಡಬೇಕು, ನಿನ್ನೆ ಸಂಜೆ ಕೈಯಾರೆ ಹಾಗೆ ಕೂರಿಸಿದ್ದಾರೆ. ಇದು ಎಡಕ್ಕೇಕೆ ಹೋಯಿತು? ಅಪಶಕುನವೋ, ಅಚ್ಚಿನ ದೋಷವೋ ಎಂದು ಒಂದು ಗಳಿಗೆ ಅವರಿಗೇ ತಿಳಿಯಲಿಲ್ಲ. 

ಅಳಿಯನನ್ನು ಲಾರಿಯ ಮರೆಗೆ ಕರೆದರು. 'ಏನಪ್ಪಾ, ಗಾಡೀನ ಯಾರಾದ್ರೂ ಬಿಚ್ಚಿದ್ರಾ?'

ಸೊಣ್ಣಪ್ಪ ಖುಷಿಯಿಂದಲೇ ಹೇಳಿದ: 'ನಾನೇ ಬಿಚ್ಚಿದ್ದೆ ಮಾವ. ನೀನು ರಸ್ತೆ ನೋಡೋಕೆ ಹೋಗಿದ್ಯಲ್ಲ, ಪೂಜೆಗೆ ಜಿಡ್ಡು ಅಚ್ಚು ಇಡೋದಾ ಅಂತ ಮುಂದಿನ ಅಚ್ಚು ಬಿಚ್ಚಿ, ಸೀಮೆಎಣ್ಣೇಲಿ ತೊಳೆದು, ಉಜ್ಜಿ ಹಾಕ್ದೆ. ಫಳಫಳ ಅಂತೈತೆ ನೋಡು. ಹೆದರಬೇಡ, ಆ ತಗಡಿನ ಚೂರು ಎಲ್ಲಿತ್ತೋ ಅಲ್ಲೇ ಹಾಕಿದ್ದೀನಿ. ಬಲಗಡೆ ಇತ್ತು, ಬಲಗಡೇನೇ ಸಿಗಿಸ್ದೆ.'

'ಬಿಚ್ಚೋವಾಗ ಗಾಡಿ ಹೆಂಗಿತ್ತಪ್ಪಾ?'

'ಬೋರಲು ಹಾಕಿದ್ದೆ.'

'ಹಾಕೋವಾಗ?'

'ಹಾಕೋವಾಗ ನೆಟ್ಟಗೆ ಕಲ್ಲಿನ ಮೇಲಿಟ್ಟಿದ್ದೆ. ಯಾಕೆ?'

ಬೋರಲು ಬಿದ್ದ ಗಾಡಿಯ ಬಲ ಯಾವುದು, ನೆಟ್ಟಗೆ ನಿಂತ ಗಾಡಿಯ ಬಲ ಯಾವುದು ಎಂದು ಬೀರಪ್ಪ ಗಾಳಿಯಲ್ಲಿ ಕೈ ತಿರುವಿ ತೋರಿಸಿದರು. ತಗಡು ಎಡತುದಿಯಿಂದ ಬಲತುದಿಗೆ ಹೋಗಿದೆ. ಹಳ್ಳದಿಂದ ದೂರ ಎಳೆಯಬೇಕಿದ್ದ ಗಾಡಿ ಈಗ ಹಳ್ಳಕ್ಕೇ ಎಳೆಯುತ್ತದೆ. ಭಕ್ತಿಯಿಂದ ತೊಳೆಯಲು ಹೋಗಿ ಆದ ಎಡವಟ್ಟು ಇದು. ಹುಡುಗನನ್ನು ಬೈಯಲೂ ಆಗದು. ಸೊಣ್ಣಪ್ಪನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

'ಉಗುರಿನಷ್ಟು ತಗಡಿಗೆ ಇಷ್ಟೊಂದಾ? ಸರಿ ಬಿಡು ಮಾವ, ಚೂರು ಬಲಕ್ಕೆ ಒತ್ಕೊಂಡು ಬರ್ತೀನಿ' ಎಂದು ಹೊರಟೇಹೋದ.

ಬೀರಪ್ಪ ನರಸಿಂಹಯ್ಯನವರ ಹತ್ತಿರ ಹೋದರು. ಸಾಹುಕಾರರ ಮುಂದೆ ಎಂದೂ ದನಿ ಎತ್ತಿ ಮಾತಾಡಿದವರಲ್ಲ. ಒಂದೇ ಒಂದು ಪಾನ ಬೇಕು, ಒಂದೇ ಗಳಿಗೆ, ಎಂದು ಕೇಳಿದರು. ನರಸಿಂಹಯ್ಯನವರ ಮುಖ ಬಿಳಿಚಿಕೊಂಡಿತು. ಅವರದು ಕೋಪವಲ್ಲ, ಅವರದೂ ಭಯವೇ.

'ಬೀರಪ್ಪ, ಬುದ್ಧಿ ನೆಟ್ಟಗೈತೇನಯ್ಯಾ? ಮಂಗಳಾರತಿ ಆಗೈತೆ. ಪಕ್ಕದೋನ ಕೈ ಏನಾಯ್ತು ನೋಡಿಲ್ವಾ? ನನ್ ಗ್ಯಾರೇಜಲ್ಲಿ ಇಷ್ಟು ಜನ ಮಕ್ಕಳು ಲಾರಿ ಕೆಳಗೆ ಮಲಗ್ತಾರೆ. ಇವತ್ತು ಹತ್ಯಾರ ಎತ್ತಿದ್ರೆ ನಾಳೆ ಯಾರ ಮೇಲೆ ಏನು ಬೀಳ್ತದೋ! ಹೋಗು, ಪ್ರಸಾದ ತಗೋ.'

ಬೀರಪ್ಪ ಪ್ರಸಾದ ತೆಗೆದುಕೊಂಡರು. ಜನರೆಲ್ಲ ಪುರಿ, ಕಡಲೆಯ ಚರಪು ಹಂಚುವ ಗಲಾಟೆಯಲ್ಲಿದ್ದಾಗ ಮಣೆಯ ಹತ್ತಿರ ಹೋದರು. ತಾವೇನು ಮಾಡುತ್ತಿದ್ದೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಡಿಸಿದ್ದ ಸೇವಂತಿಗೆ ಉದುರಿತು. ಕುಂಕುಮ ಇಟ್ಟಿದ್ದ ಒಂದು ಪಾನ ಅವರ ಪಂಚೆಯ ಸೊಂಟ ಸೇರಿತು.

ಗಾಡಿಗಳನ್ನು ಲಾರಿಯಲ್ಲಿ ಹಾಕಿಕೊಂಡು ದಿಣ್ಣೆಗೆ ಹೋಗುವ ದಾರಿಯುದ್ದಕ್ಕೂ ಅವರು ಆ ಪಾನವನ್ನು ಹೊರಗೆ ತೆಗೆಯಲಿಲ್ಲ. ತಮ್ಮ ಗಾಡಿಯ ಪಕ್ಕ ಕೂತು ಬೋಲ್ಟನ್ನು ಬರಿಗೈಯಲ್ಲೇ ತಿರುಗಿಸಲು ನೋಡಿದರು. ಉಗುರು ಕಿತ್ತು ರಕ್ತ ಬಂತು, ಬೋಲ್ಟು ಅಲ್ಲಾಡಲಿಲ್ಲ. ಸೊಂಟದಲ್ಲಿ ಪಾನ ಚುಚ್ಚುತ್ತಿತ್ತು. ಅದನ್ನು ಬೋಲ್ಟಿಗೆ ಹಚ್ಚಿದರೆ ಪೂಜೆ ಕೆಡುತ್ತದೆ, ಕೆಟ್ಟ ಪೂಜೆಯ ಫಲ ಅಳಿಯನ ಮೇಲೇ ತಿರುಗಿದರೆ? ಹಚ್ಚದಿದ್ದರೆ ತಗಡು ತನ್ನ ಕೆಲಸ ಮಾಡುತ್ತದೆ. ಯಾವ ಕಡೆ ಹೋದರೂ ಆ ಕಪ್ಪು ನೀರೇ ಕಾಣುತ್ತಿತ್ತು ಎನ್ನುತ್ತಾರೆ. ಮನೆಯಲ್ಲಿ ಮಗಳು ಒಬ್ಬಟ್ಟು ತಟ್ಟುತ್ತಾ ಕೂತಿದ್ದಾಳೆ.

ದಿಣ್ಣೆಯ ಮೇಲೆ ಜನ ಜಾತ್ರೆಯಂತೆ ಸೇರಿದ್ದಾರೆ. ಕಡಲೇಕಾಯಿ ಬುಟ್ಟಿ ಇಟ್ಟುಕೊಂಡು, ಊರುಗೋಲು ಪಕ್ಕಕ್ಕಿಟ್ಟು ರಾಮಾಂಜಿನಪ್ಪ ಕೂತಿದ್ದಾರೆ. ಕಾಲು ಹೋದ ಮೇಲೆ ಅವರ ಜೀವನ ಈ ಬುಟ್ಟಿಯಲ್ಲೇ. ಬೀರಪ್ಪನ ಮುಖ ನೋಡಿದವರೇ, 'ಏನೋ ಬೀರ, ಹೆಣ ನೋಡ್ದಂಗೆ ಇದ್ದೀಯ?' ಎಂದರು. ಬೀರಪ್ಪ ತಗಡಿನ ಸಂಗತಿ ಹೇಳಿದರು. ಪಾನದ ಸಂಗತಿಯನ್ನೂ ಹೇಳಿದರು.

'ಬಲಕ್ಕೆ ಒತ್ಕೊಂಡು ಬರ್ತೀನಿ ಅಂತಾನೆ ಕಣೋ ನಮ್ಮ ಹುಡುಗ.'

ರಾಮಾಂಜಿನಪ್ಪ ಇಳಿಜಾರಿನ ಕಡೆ ಕೈ ತೋರಿದರು. 'ತಿರುವಿಗೆ ಬರೋವಾಗ ಒತ್ತೋದು ಎಲ್ಲಾ ಮರ್ತೋಗ್ತದೆ ಕಣೋ. ಎರಡು ಕಾಲೂ ಬ್ರೇಕ್ ಹುಡುಕ್ತವೆ. ನಂದೂ ಹಂಗೇ ಆಯ್ತು.' ಆಮೇಲೆ, ದನಿ ತಗ್ಗಿಸಿ, 'ಪೂಜೆ ಅವತ್ತೂ ಮಾಡಿದ್ವಲ್ಲೋ. ನಾನೇ ಕುಂಬಳಕಾಯಿ ಒಡೆದಿದ್ದೆ' ಅಂದರು.

ಗಾಡಿಗಳು ಗೆರೆಗೆ ಬಂದವು. ಸೊಣ್ಣಪ್ಪ ಕೂತು ಪಾದ ಇಟ್ಟ. ಶಿಳ್ಳೆ ಊದುವವನು ಬಾಯಿಗೆ ಬೆರಳಿಟ್ಟ. ಆಗ ಬೀರಪ್ಪ ಜನರನ್ನು ತಳ್ಳಿಕೊಂಡು ಬಂದು ಅಳಿಯನ ಗಾಡಿಗೆ ಅಡ್ಡಲಾಗಿ ರಸ್ತೆಯ ಮೇಲೆ ಮಲಗಿದರು.

'ಮಾವ! ಏನಿದು? ಎದ್ದೇಳು, ಎಲ್ಲಾ ನೋಡ್ತಾವ್ರೆ!'

ಬೀರಪ್ಪ ಸೊಂಟದಿಂದ ಪಾನ ತೆಗೆದರು. ಕುಂಕುಮ ಇನ್ನೂ ಮೆತ್ತಿಕೊಂಡಿತ್ತು. ಅದನ್ನು ಕಣ್ಣಿಗೊತ್ತಿಕೊಂಡರು. 'ತಪ್ಪಾಯ್ತು ತಾಯಿ, ಏನಿದ್ರೂ ನನ್ ಮೇಲೆ ಹಾಕು, ಹುಡುಗನ ಮೇಲೆ ಬೇಡ' ಎಂದು ಗಟ್ಟಿಯಾಗೇ ಅಂದು ಬೋಲ್ಟಿಗೆ ಹಚ್ಚಿದರು. ಸುತ್ತ ನಿಂತವರು ಹಾವು ಕಂಡವರಂತೆ ಹಿಂದೆ ಸರಿದರು. 'ಅಯ್ಯಯ್ಯೋ, ಪೂಜೆ ಪಾನ!' ಎಂದು ಯಾರೋ ಚೀರಿದರು. ನರಸಿಂಹಯ್ಯನವರು ತಲೆಯ ಮೇಲೆ ಕೈ ಹೊತ್ತು ಕೂಗಾಡತೊಡಗಿದರು. ಸೊಣ್ಣಪ್ಪ ಬಗ್ಗಿ ಮಾವನ ಮಣಿಕಟ್ಟು ಹಿಡಿದುಕೊಂಡ.

'ಬಿಡು ಮಾವ, ನನ್ ಮರ್ಯಾದೆ ತೆಗೀಬೇಡ. ಕೈ ಮುಗೀತೀನಿ.'

ಅಳಿಯನಿಗೆ ಎದುರಾಡದ ಮನುಷ್ಯ ಆ ಕೈಯನ್ನು ಕೊಡವಿ ಬಿಸಾಕಿದರು. 'ಸುಮ್ಕೆ ಕೂತ್ಕೊಳೋ!' ಎಂದು ಗದರಿದ ದನಿ ದಿಣ್ಣೆಯ ತುದಿಗೂ ಕೇಳಿಸಿತು. ಪುಕ್ಕಲು ಬೀರಪ್ಪನಿಗೆ ಅಂಥ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಬಲತುದಿಯ ಪಟ್ಟಿ ಸಡಿಲಾಯಿತು. ತಗಡು ಅಲ್ಲೇ ಇತ್ತು. ಅದನ್ನು ತೆಗೆದು ಎಡತುದಿಗೆ ಹಾಕಿದರು. ದಾರ ಹಿಡಿದು ನೋಡಲು ಸಮಯವಿಲ್ಲ, ಜನ ಮೈಮೇಲೆ ಬರುತ್ತಿದ್ದಾರೆ. ಅಳತೆ ಸಿಗದ ಮೇಲೆ ಹಳ್ಳದಿಂದ ದೂರವಾದರೂ ಇರಲಿ ಎಂದು ಬೆಂಕಿಪೊಟ್ಟಣ ಹರಿದು, ಮಡಿಸಿ, ಅದನ್ನೂ ತಗಡಿನ ಜತೆ ತುರುಕಿ ಬಿಗಿ ಮಾಡಿದರು. ಗಾಡಿ ಈಗ ಬಲಕ್ಕೆ ಅಗತ್ಯಕ್ಕಿಂತ ಹೆಚ್ಚೇ ಎಳೆಯುತ್ತದೆ, ರಸ್ತೆಯ ಬಲಬದಿಯ ಮಣ್ಣಿನ ದಿಬ್ಬ ಕೆರೆದುಕೊಂಡು ಹೋಗುತ್ತದೆ. ಗೆಲ್ಲುವುದಂತೂ ಕನಸು. ಅದು ಅವರಿಗೆ ಗೊತ್ತಿತ್ತು. ಅಳಿಯನಿಗೆ ಹೇಳಲಿಲ್ಲ.

ಶಿಳ್ಳೆ ಕೇಳಿಸಿತು. ಬೇರಿಂಗುಗಳು ಟಾರಿನ ಮೇಲೆ ಉರುಳುವ ಸದ್ದು ಇದೆಯಲ್ಲ, ಅದನ್ನು ಕೇಳಿದವರಿಗೇ ಗೊತ್ತು. ಹಲ್ಲಿನ ಬೇರಿಗೆ ಹೋಗಿ ಮುಟ್ಟುತ್ತದೆ. ಬೀರಪ್ಪ ರಸ್ತೆಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡರು.  ಸದ್ದು ಇಳಿಯುತ್ತಾ ಹೋಯಿತು. ಸಪ್ಪಲಮ್ಮನ ತಿರುವಿನ ಆಚೆಗೆ ಏನೂ ಕಾಣುವುದಿಲ್ಲ, ಕೇಳಬೇಕು ಅಷ್ಟೆ. ಕಬ್ಬಿಣ ಕಲ್ಲಿಗೆ ಉಜ್ಜಿದ ಕರಕರ ಸದ್ದೊಂದು ಬಂತು. ಆಮೇಲೆ ನಿಶ್ಶಬ್ದ. ಬೀರಪ್ಪನವರ ಬಾಯಿಂದ ಮಗಳ ಹೆಸರು ಹೊರಟಿತು.  ರಾಮಾಂಜಿನಪ್ಪ ಅವರ ಭುಜದ ಮೇಲೆ ಕೈಯಿಟ್ಟು ಕೂತೇ ಇದ್ದರು.

ಆಮೇಲೆ ಕೆಳಗಿನಿಂದ ಗಾಡಿ ಎಳೆದುಕೊಂಡು ಒಬ್ಬೊಬ್ಬರೇ ಮೇಲೆ ಬಂದರು. ಗೆದ್ದವರನ್ನು ಹೆಗಲ ಮೇಲೆ ಹೊತ್ತು ತಂದರು. ಎಲ್ಲರಿಗಿಂತ ಕೊನೆಗೆ ಸೊಣ್ಣಪ್ಪ ಬಂದ. ಮೊಣಕೈ ತರಚಿತ್ತು, ಅಂಗಿಯ ಬಲತೋಳು ಮಣ್ಣು ಹತ್ತಿ ಹರಿದಿತ್ತು. ಗಾಡಿ ಹಾದಿಯುದ್ದಕ್ಕೂ ಬಲಗಡೆಯ ದಿಬ್ಬಕ್ಕೆ ಉಜ್ಜಿಕೊಂಡು, ತಿರುವಿನಲ್ಲಿ ಮಣ್ಣಿಗೆ ಮೂತಿ ಹೊಕ್ಕಿಸಿ ನಿಂತುಬಿಟ್ಟಿತಂತೆ. ಗುರಿಯನ್ನೇ ಮುಟ್ಟಲಿಲ್ಲ. ಬೀರಪ್ಪ ಅವನ ಕಾಲುಗಳನ್ನು ನೋಡಿದರು. ಎರಡೂ ಇದ್ದವು. ಅವರು ಅಲ್ಲೇ ಪಂಚೆಯ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಸೊಣ್ಣಪ್ಪ ಮಾವನ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನದು ಹೇಳಲು ಸುಖವಿಲ್ಲ. ನರಸಿಂಹಯ್ಯನವರು ಆ ಪಾನವನ್ನು ಅರಿಶಿನದ ನೀರಿನಲ್ಲಿ ತೊಳೆಸಿ, ಬೀರಪ್ಪನ ಕೈಯಲ್ಲಿ ಈಡುಗಾಯಿ ಒಡೆಸಿದರು. ಗ್ಯಾರೇಜುಗಳವರು ಕೂತು ಮಾತಾಡಿ, ಬರುವ ವರ್ಷ ಅಚ್ಚು ಕೂರಿಸಲು ಬೇರೆಯವರನ್ನು ನೋಡೋಣ ಎಂದರು. ಪೂಜೆ ಕೆಡಿಸಿದ, ಗಾಡಿಯನ್ನೂ ಕೆಡಿಸಿದ ಎಂಬುದು ಊರ ತೀರ್ಮಾನ. ತಗಡು ಬಲಗಡೆ ಇತ್ತೆಂದರೆ ಯಾರೂ ಕಿವಿಗೊಡುವುದಿಲ್ಲ. ಸರಿಯಾಗಿಯೇ ಇತ್ತೇನೋ, ಹೆದರಿಕೆಗೆ ಕಂಡದ್ದೇನೋ ಎನ್ನುತ್ತಾರೆ. ಹಳ್ಳಕ್ಕೆ ಬೀಳದೇ ಉಳಿದವನನ್ನು ತೋರಿಸಿ ಏನನ್ನು ಸಾಬೀತು ಮಾಡುವುದು? ರಾಮಾಂಜಿನಪ್ಪ ಒಬ್ಬರೇ ಬೀರಪ್ಪನ ಪರ. ಕಡಲೇಕಾಯಿ ಮಾರುವವರ ಮಾತಿಗೆ ಗ್ಯಾರೇಜುಗಳಲ್ಲಿ ಬೆಲೆಯಿಲ್ಲ.

ವಾರ ಕಳೆದ ಮೇಲೆ, ಬೆಳಗಿನ ಮಂಜಿನಲ್ಲಿ ಗ್ಯಾರೇಜಿಗೆ ಹೋದರೆ ಬೀರಪ್ಪ ಎಂದಿನಂತೆ ಲಾರಿಯ ಕೆಳಗಿದ್ದಾರೆ. ಎರಡು ಕಾಲು ಮಾತ್ರ ಹೊರಗೆ. ಆಚೆ ಬದಿಯಲ್ಲಿ ಸೊಣ್ಣಪ್ಪ ಗಾಲಿ ಬಿಚ್ಚುತ್ತಿದ್ದಾನೆ. ಮಾವ ಕೈ ಚಾಚಿದರೆ ಪಾನ ಕೊಡುತ್ತಾನೆ, ಮುಖ ಮಾತ್ರ ಗಂಟು. ಕೊಡುವಾಗ ಎಲ್ಲರಿಗೂ ಕೇಳಿಸುವಂತೆ, 'ತಗೋ, ಇದನ್ನೂ ಸೊಂಟಕ್ಕೆ ಸಿಗಿಸ್ಕೋ' ಎಂದು ಚುಚ್ಚುತ್ತಾನೆ. ಹುಡುಗರು ಕಿಸಕ್ಕೆಂದು ನಗುತ್ತಾರೆ. ಮನೆಯಲ್ಲೂ ಇದೇ ರಾಗವಂತೆ. ಊಟಕ್ಕೆ ಕೂತರೆ ಅನುಸೂಯಳ ಮುಂದೆ ಶುರು ಮಾಡುತ್ತಾನೆ: ನಿಮ್ಮಪ್ಪನಿಂದ ನಾನು ರಸ್ತೇಲಿ ತಲೆ ಎತ್ತದಂಗಾಯ್ತು, ಗೋಡೆ ಮೇಲೆ ಇರಬೇಕಿದ್ದ ಗಾಡಿ ಸೌದೆಯಾಯ್ತು, ಹೀಗೇ ಕೈ ತೊಳೆಯುವವರೆಗೂ. ಅವಳು ಪಾಪ ಇಬ್ಬರಿಗೂ ಸಾರು ಬಡಿಸುತ್ತಾಳೆ.

ಬೀರಪ್ಪ ಲಾರಿಯ ಕೆಳಗಿನಿಂದ ಜಾರಿ ಹೊರಬಂದು ಕೈ ಒರೆಸಿಕೊಳ್ಳುತ್ತಾರೆ. ಬರುವ ವರ್ಷ ಬೇರೆಯವರು ಅಚ್ಚು ಕೂರಿಸಿದರೆ ಏನು ಮಾಡುತ್ತೀರಿ ಎಂದರೆ, 'ಭಯ ಬಿದ್ಕೊಂಡು ನೋಡ್ತಾ ನಿಂತಿರ್ತೀನಿ, ಇನ್ನೇನು ಮಾಡ್ಲಿ?' ಎನ್ನುತ್ತಾರೆ. ಅಳಿಯ ಹೀಗೆ ದಿನಾ ನಾಲ್ಕು ಜನರ ಮುಂದೆ ಅನ್ನುತ್ತಾನಲ್ಲ, ನೋವಾಗುವುದಿಲ್ಲವೇ ಎಂದು ಕೇಳಿದರೆ ಅವನ ಕಡೆ ನೋಡುತ್ತಾರೆ. ಸೊಣ್ಣಪ್ಪ ಗಾಲಿಗೆ ಕಾಲು ಕೊಟ್ಟು ಒದೆಯುತ್ತಾ ಯಾರಿಗೋ ಮಾವನ ಕತೆಯನ್ನೇ ಮತ್ತೆ ಹೇಳುತ್ತಿದ್ದಾನೆ.

'ಬೈಲಿ ಬಿಡಿ ಸ್ವಾಮಿ' ಎನ್ನುತ್ತಾರೆ ಬೀರಪ್ಪ. 'ದಿನಾ ಬೈಲಿ. ಬೈಯೋಕೆ ಅವನು ಇದ್ದಾನಲ್ಲ.'